ಅಡ್ಡ ಬೆಳೆದ ಬಟಾಣಿ ಕಲಿಸಿದ ಪಾಠ



ಪ್ರಯೋಗದ ಫಲ ಪುಸ್ತಕದಲ್ಲಿದ್ದಂತೆ ಬಾರದಿದ್ದಾಗ ನೀವೇನು ಮಾಡುತ್ತೀರಿ? ಬಿ.ಎಸ್ಸಿ. ಓದುವಾಗ ನಾನಂತೂ ಪಕ್ಕದವನ ರೆಕಾರ್ಡ್ ಪುಸ್ತಕ ನೋಡಿ ಉತ್ತರ ತಿದ್ದಿಕೊಳ್ಳುತ್ತಿದ್ದೆ. ಹಾಗೆ ತಿದ್ದಿಕೊಳ್ಳದ ಒಬ್ಬ ವಿದ್ಯಾರ್ಥಿಯಿಂದ ಸಸ್ಯವಿಜ್ಞಾನದ ಒಂದು ದೊಡ್ಡ ಅಧ್ಯಾಯವೇ ತೆರೆದುಕೊಂಡಿತು.

ಅದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ನಗರ. ಹತ್ತೊಂಬತ್ತನೆಯ ಶತಮಾನ ಮುಗಿಯುತ್ತಿದ್ದ ಕಾಲ. ಆಗ ಯೂರೋಪಿನ ನಗರಗಳಲ್ಲಿ ದೀಪಗಳು ಕಲ್ಲಿದ್ದಲಿನಿಂದ ತೆಗೆದ ಅನಿಲದಿಂದ ಉರಿಯುತ್ತಿದ್ದವು. ಕೊಳವೆ ಸೋರಿದ ಕಡೆ ಬೀದಿಮರಗಳು ಅಕಾಲದಲ್ಲಿ ಎಲೆ ಉದುರಿಸುತ್ತಿದ್ದವು. ದಿಮಿತ್ರಿ ನೆಲ್ಯುಬೊವ್ ಎಂಬ ಸಂಶೋಧನಾ ವಿದ್ಯಾರ್ಥಿ ಪ್ರಯೋಗಶಾಲೆಯ ಕತ್ತಲಲ್ಲಿ ಬೆಳೆಸಿದ ಬಟಾಣಿ ಸಸಿಗಳು ಮೇಲಕ್ಕೇರದೆ ಗಿಡ್ಡವಾಗಿ, ದಪ್ಪವಾಗಿ, ಅಡ್ಡಡ್ಡಲಾಗಿ ಬೆಳೆದವು. ಹೊರಗಿನ ಶುದ್ಧ ಗಾಳಿಯಲ್ಲಿ ಅವೇ ಸಸಿಗಳು ನೆಟ್ಟಗೆ ಬೆಳೆದವು. ಪ್ರಯೋಗಶಾಲೆಯ ಗಾಳಿಯನ್ನು ಕಾದ ತಾಮ್ರದ ಆಕ್ಸೈಡಿನ ಮೇಲೆ ಹಾಯಿಸಿ ಶುದ್ಧಗೊಳಿಸಿದಾಗಲೂ ನೆಟ್ಟಗೇ ಬೆಳೆದವು. ದೀಪದ ಅನಿಲದ ಅಂಶಗಳನ್ನು ಪರೀಕ್ಷಿಸಿದ ಅವರು, ಇದಕ್ಕೆ ಮುಖ್ಯ ಕಾರಣ ಎಥಿಲೀನ್ ಎಂದು 1901ರಲ್ಲಿ ಪ್ರಕಟಿಸಿದರು.

ಆದರೆ ದೀಪದ ಅನಿಲಕ್ಕೆ ಗಿಡವೇಕೆ ಓಗೊಡಬೇಕು? ಇದಕ್ಕೆ ಉತ್ತರ ದೊರೆತದ್ದು 1934ರಲ್ಲಿ. ಮಾಗುವ ಸೇಬುಗಳೇ ಎಥಿಲೀನನ್ನು ಹೊರಬಿಡುತ್ತವೆಂದು ಇಂಗ್ಲೆಂಡಿನ ರಿಚರ್ಡ್ ಗೇನ್ ತೋರಿಸಿದರು. ಹಾಗಾದರೆ ಎಥಿಲೀನ್ ಹೊರಗಿನ ವಿಷವಷ್ಟೇ ಅಲ್ಲ, ಗಿಡದ್ದೇ ಹಾರ್ಮೋನು. ಮೊಳಕೆಯ ಮೇಲೆ ಮಣ್ಣು ಗಟ್ಟಿಯಾಗಿದ್ದರೆ ಅದರೊಳಗೆ ಎಥಿಲೀನ್ ಹೆಚ್ಚುತ್ತದೆ. ಕಾಂಡ ದಪ್ಪವಾಗಿ ಮಣ್ಣನ್ನು ನೂಕುವ ಬಲ ಪಡೆಯುತ್ತದೆ. ಬೇರು ನೀರಿನಲ್ಲಿ ಮುಳುಗಿದರೆ ಈ ಅನಿಲ ಹೊರಹೋಗಲಾರದೆ ಒಳಗೇ ಸೇರಿಕೊಳ್ಳುತ್ತದೆ. ನಮ್ಮ ಕಲಬುರಗಿಯ ಕಪ್ಪುಮಣ್ಣಿನಲ್ಲಿ ನೀರು ನಿಂತರೆ ತೊಗರಿ ಹಳದಿಯಾಗಿ ಸೊರಗುವುದನ್ನು ರೈತರು ಬಲ್ಲರು. ಇಂಥ ಸಂಕಟಗಳ ಸುದ್ದಿ ಮುಟ್ಟಿಸುವ ಕೆಲಸದಲ್ಲಿ ಎಥಿಲೀನಿಗೂ ಪಾಲಿದೆ.

ಸುದ್ದಿಯನ್ನು ಕೇಳಿಸಿಕೊಳ್ಳುವ ಕಿವಿ ಯಾವುದು? ಅಮೆರಿಕದ ಆಂಥೊನಿ ಬ್ಲೀಕರ್ ಮತ್ತು ಸಂಗಡಿಗರು ಸಾಸಿವೆಯ ಬಂಧುವಾದ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಅದನ್ನು ಹುಡುಕಿದರು. ಕತ್ತಲಲ್ಲಿ ಎಥಿಲೀನ್ ತುಂಬಿ ಸಸಿಗಳನ್ನು ಬೆಳೆಸಿದಾಗ ಎಲ್ಲವೂ ಗಿಡ್ಡಾದರೂ, ವಂಶವಾಹಿಯಲ್ಲಿ ಬದಲಾವಣೆಯಾದ ಸಸಿ ಮಾತ್ರ ಉದ್ದಕ್ಕೆ ನಿಂತಿತು. ಅದು ಎಥಿಲೀನಿಗೆ ಕಿವುಡು! ಇದು 1988ರ ವರದಿ. 1993ರಲ್ಲಿ ಆ ವಂಶವಾಹಿಯನ್ನೇ ಬೇರ್ಪಡಿಸಿದರು. ಅದರ ಹೆಸರು ಇ.ಟಿ.ಆರ್.1. ಬಟಾಣಿಯಲ್ಲಿ ಕಂಡ ವಿಚಿತ್ರವೇ ಇಲ್ಲಿ ಪರೀಕ್ಷೆಯ ಅಳತೆಗೋಲಾಯಿತೆಂಬುದನ್ನು ಗಮನಿಸಿ.

ಮುಂದೆ ಕಥೆ ಮತ್ತೆ ದ್ವಿದಳ ಸಸ್ಯಗಳಿಗೆ ಬಂತು. 1997ರಲ್ಲಿ ವರ್ಮ ಪೆನ್ಮೆಟ್ಸ ಮತ್ತು ಡಗ್ಲಸ್ ಕುಕ್ ಅವರು ಲೂಸರ್ನ್ ಮೇವಿನ ಬಂಧುವಾದ ಮೆಡಿಕಾಗೊ ಗಿಡದಲ್ಲಿ ಎಥಿಲೀನಿಗೆ ಕಿವುಡಾದ ತಳಿಯೊಂದನ್ನು ವರದಿ ಮಾಡಿದರು. ಅದರ ಬೇರಿಗೆ ರೈಜೋಬಿಯಂ ಬ್ಯಾಕ್ಟೀರಿಯಾ ಸುಮಾರು ಹತ್ತು ಪಟ್ಟು ಹೆಚ್ಚು ಕಡೆ ಒಳಹೊಕ್ಕಿದ್ದವು. ಸಾರಜನಕ ಒದಗಿಸುವ ಈ ಅತಿಥಿಗಳಿಗೂ ಮಿತಿ ಹಾಕುವುದು ಎಥಿಲೀನೇ ಎಂದಾಯಿತು. ಕಾರಣವಾದ ವಂಶವಾಹಿ 2008ರಲ್ಲಿ ಗುರುತಾಯಿತು.

2019ರಲ್ಲಿ ಬಟಾಣಿಯ ಇಡೀ ಜೀನೋಮಿನ ಓದು ಪ್ರಕಟವಾಯಿತು. ಇಂದು ಬರ ಅಥವಾ ಉಪ್ಪಿನ ಬಾಧೆಗೆ ಎಚ್ಚರಗೊಳ್ಳುವ ವಂಶವಾಹಿಗಳನ್ನು ಗಣಕಯಂತ್ರ ಪಟ್ಟಿಮಾಡಿ ಕೊಡುತ್ತದೆ. ಆದರೆ ಪಟ್ಟಿ ಎಂಬುದು ಅನುಮಾನ ಮಾತ್ರ, ಸಾಕ್ಷಿಯಲ್ಲ. ಕಳವಾದ ಮನೆಯ ಬಳಿ ಇದ್ದವರೆಲ್ಲ ಕಳ್ಳರಲ್ಲವಷ್ಟೆ! ಒಂದು ವಂಶವಾಹಿಯನ್ನು ಕೆಡಿಸಿ, ಗಿಡ ಹೇಗೆ ಬೆಳೆಯುತ್ತದೆಂದು ನೋಡಲೇಬೇಕು. ಗಾಳಿಯಿಂದ ಅನಿಲ ತೆಗೆದು ನೋಡಿದ ನೆಲ್ಯುಬೊವ್ ಮಾಡಿದ್ದೂ ಇದನ್ನೇ. ಬರ ತಾಳುವ ಬೇಳೆಕಾಳಿನ ತಳಿ ಬೇಕೆಂದರೆ ಈ ತಾಳ್ಮೆಗೆ ಬದಲಿಯಿಲ್ಲ.

ನೀವೂ ಮಾಡಿ ನೋಡಿ. ಎರಡು ಮುಚ್ಚಳದ ಡಬ್ಬಿಗಳಲ್ಲಿ ಒದ್ದೆ ಹತ್ತಿಯ ಮೇಲೆ ನೆನೆಸಿದ ಬಟಾಣಿ ಇಟ್ಟು, ಒಂದರಲ್ಲಿ ಮಾತ್ರ ಚೆನ್ನಾಗಿ ಮಾಗಿದ ಬಾಳೆಹಣ್ಣಿಡಿ. ಎರಡನ್ನೂ ವಾರಕಾಲ ಕತ್ತಲಲ್ಲಿಟ್ಟು ಹೋಲಿಸಿ. ಕಂಡದ್ದನ್ನು ಕಂಡಂತೆಯೇ ಬರೆಯಿರಿ. ಪಕ್ಕದವರ ಪುಸ್ತಕ ನೋಡಬೇಡಿ.