ಗಾಳಿ ತೆಗೆದರೆ ಸಾಕೆ?

ಚೀಲದ ಗಾಳಿ ಹೀರಿ ಬಾಯಿ ಬೆಸೆಯುವ ಯಂತ್ರ ಈಗ ನಮ್ಮ ಅಡಿಗೆಮನೆಗೂ ಬಂದಿದೆ. ಇದರ ಹಿಂದಿನ ಕಥೆ ಹಳೆಯದು.

ಫ್ರಾನ್ಸಿನ ಮಿಠಾಯಿಗಾರ ನಿಕೊಲಾ ಅಪೇರ್ ಆಹಾರವನ್ನು ಗಾಜಿನ ಸೀಸೆಗಳಲ್ಲಿ ತುಂಬಿ, ಬಿರಡೆ ಬಿಗಿದು, ಕುದಿನೀರಿನಲ್ಲಿ ಕಾಯಿಸಿ, ಬಹುಕಾಲ ಕೆಡದಂತೆ ಇಟ್ಟನು. 1810ರಲ್ಲಿ ಸರ್ಕಾರ ಅವನಿಗೆ 12,000 ಫ್ರಾಂಕು ಕೊಟ್ಟು, ವಿಧಾನವನ್ನು ಅಚ್ಚುಹಾಕಿಸಿತು. ಕೇಡಿಗೆಲ್ಲ ಗಾಳಿಯೇ ಮೂಲವೆಂದು ಆಗಿನ ಪಂಡಿತರ ನಂಬಿಕೆ. 1860ರ ದಶಕದ ವೇಳೆಗೆ ಪಾಶ್ಚರನು ಸೂಕ್ಷ್ಮಜೀವಿಗಳೇ ಕಾರಣವೆಂದು ತೋರಿಸಿದನು. ಸೀಸೆಯನ್ನು ಕಾಪಾಡಿದ್ದು ಕುದಿತವೆಂದು ಆಗ ತಿಳಿಯಿತು. 1897ರಲ್ಲಿ ಬೆಲ್ಜಿಯಮ್ಮಿನ ವಾನ್ ಎರ್ಮೆಂಗೆಮ್, ಗಾಳಿಯಿಲ್ಲದೆಡೆಯಲ್ಲೇ ಬೆಳೆದು ಮಾರಕ ವಿಷವನ್ನು ಉಂಟುಮಾಡುವ ಜೀವಾಣುವನ್ನು ವರ್ಣಿಸಿದನು.

ನಿಮ್ಮ ಯಂತ್ರವಾದರೋ ಗಾಳಿಯನ್ನಷ್ಟೇ ತೆಗೆಯುತ್ತದೆ, ಕುದಿಸುವುದಿಲ್ಲ. ಆದುದರಿಂದ ಒಣಗಿದ ಬೇಳೆ, ಹಪ್ಪಳಗಳಿಗೆ ಚೀಲ ಸಾಕು. ಪಲ್ಯ, ಹುಳಿಗಳನ್ನು ಚೀಲದಲ್ಲಿ ಬೆಸೆದ ಮೇಲೂ ರೆಫ್ರಿಜರೇಟರಿನಲ್ಲೇ ಇಡಿ, ಬೇಗ ಬಳಸಿಬಿಡಿ.