ಕೇಳುಗರಿಗೂ ಒಂದು ಚರಿತ್ರೆಯಿದೆ



ನಿಮಗೆ ತುಂಬಾ ಇಷ್ಟವಾದ ಒಂದು ಹಾಡನ್ನು ನೆನಪಿಸಿಕೊಳ್ಳಿ. ಅದನ್ನು ಹಾಡಿದವರು ಯಾರೆಂದು ನೀವು ತಟ್ಟನೆ ಹೇಳಬಲ್ಲಿರಿ. ಆದರೆ ‘ಇದನ್ನು ಕೇಳು’ ಎಂದು ನಿಮಗೆ ಮೊದಲು ಹೇಳಿದವರು ಯಾರು? ಅಕ್ಕನೇ, ಸ್ನೇಹಿತನೇ, ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತಿದ್ದವರೇ?

ಸಂಗೀತದ ಚರಿತ್ರೆಯಲ್ಲಿ ವಿದ್ವಾಂಸರ ಹೆಸರಿದೆ, ವಾಗ್ಗೇಯಕಾರರ ಹೆಸರಿದೆ, ಆಶ್ರಯ ಕೊಟ್ಟ ರಾಜರ ಹೆಸರಿದೆ. ಕೇಳಿ, ಮೆಚ್ಚಿ, ಟೀಕಿಸಿ, ಇನ್ನೊಬ್ಬರ ಕಿವಿಗೆ ದಾಟಿಸಿದ ಸಾಮಾನ್ಯ ಕೇಳುಗರ ಹೆಸರು ಮಾತ್ರ ಇಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣಗಳ ಸೀಮೆಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಅವರ ಕಥೆಯನ್ನು ಸ್ವಲ್ಪ ನೋಡೋಣ.

ಒಂದೇ ಸೀಮೆ, ಹಲವು ಸಂಗೀತ

ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಯ ದಂಡೆಯ ಮೇಲೆ ರುದ್ರಪಟ್ಟಣ ಎಂಬ ಊರಿದೆ. ಆರ್.ಕೆ. ಶ್ರೀಕಂಠನ್ (1920–2014), ರುದ್ರಪಟ್ಟಣಂ ಸಹೋದರರೆಂದು ಹೆಸರಾದ ಆರ್.ಎನ್. ತ್ಯಾಗರಾಜನ್ ಮತ್ತು ಆರ್.ಎನ್. ತಾರಾನಾಥನ್, ಆರ್.ಕೆ. ಪದ್ಮನಾಭ ಇವರೆಲ್ಲರ ಮೂಲ ಈ ಸಣ್ಣ ಊರು. ಪದ್ಮನಾಭ ಅವರ ಪ್ರಯತ್ನದಿಂದ ಅಲ್ಲಿ ತಂಬೂರಿಯ ಆಕಾರದ ಸಪ್ತಸ್ವರ ಮಂದಿರವೂ ಎದ್ದಿದೆ. ಹೇಮಾವತಿಯ ದಂಡೆಯ ಹೊಳೆನರಸೀಪುರವನ್ನು ತಮ್ಮ ಹೆಸರಿನಲ್ಲೇ ಇಟ್ಟುಕೊಂಡ ಯೋಗನರಸಿಂಹಂ (1897–1971) ಸಂಸ್ಕೃತ ವಿದ್ವಾಂಸರೂ ವಾಗ್ಗೇಯಕಾರರೂ ಆಗಿದ್ದರು.

ಆದರೆ ಇದೇ ಸೀಮೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದರೆ ‘ಕುರುಕ್ಷೇತ್ರ’ ನಾಟಕದ ತಾಲೀಮು ಶುರುವಾಗುತ್ತದೆ. ಹಾರ್ಮೋನಿಯಂ ಮೇಷ್ಟ್ರು ಬಂದು ರಾಗ ಹೇಳಿಕೊಡುತ್ತಾರೆ. ಹಬ್ಬದಲ್ಲಿ ಚಿಟ್ಟಿಮೇಳದ ಸದ್ದು, ಮದುವೆಯಲ್ಲಿ ಸೋಬಾನೆ ಪದ. ಕಛೇರಿಯಲ್ಲಿ ತಾಳ ಹಾಕಿದ ಕೈಗಳೇ ನಾಟಕದಲ್ಲಿ ಚಪ್ಪಾಳೆ ತಟ್ಟಿದ್ದೂ ಉಂಟು. ನಾಟಕದ ಕೇಳುಗರಂತೂ ತಮ್ಮ ಅಭಿಪ್ರಾಯವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವವರಲ್ಲ. ‘ಒನ್ಸ್ ಮೋರ್’ ಎಂಬ ಕೂಗು ಎದ್ದರೆ ರಂಗದ ಮೇಲೆ ಸತ್ತು ಬಿದ್ದ ಪಾತ್ರವೂ ಎದ್ದು ನಿಂತು ಮತ್ತೊಮ್ಮೆ ಹಾಡಬೇಕು!

ಹಾರ್ಮೋನಿಯಂ ತಂದ ತಕರಾರು

ಈ ಹಾರ್ಮೋನಿಯಂ ದೊಡ್ಡ ವಾದಕ್ಕೆ ಕಾರಣವಾಯಿತು. ಅದರ ಒಂದೊಂದು ಮನೆಗೂ ಒಂದೊಂದು ಸ್ಥಿರವಾದ ಕಂಪನಸಂಖ್ಯೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಕೊಂಡು ಹೋಗುವ ಗಮಕ ಅದರಲ್ಲಿ ಹೊರಡುವುದಿಲ್ಲ. ಇದು ಭೌತಶಾಸ್ತ್ರದ ದೃಷ್ಟಿಯಿಂದ ಸರಿಯಾದ ಆಕ್ಷೇಪಣೆಯೇ. ಈ ಕಾರಣದಿಂದ 1940ರಲ್ಲಿ ಅಖಿಲ ಭಾರತ ರೇಡಿಯೋ ಹಾರ್ಮೋನಿಯಂಗೆ ನಿಷೇಧ ಹಾಕಿತು. ನಿಷೇಧ ಸಡಿಲವಾಗಲು 1971ರವರೆಗೆ ಕಾಯಬೇಕಾಯಿತು.

ರೇಡಿಯೋದಲ್ಲಿ ನಿಷೇಧವಿದ್ದ ಆ ಮೂರು ದಶಕಗಳಲ್ಲೂ ನಾಟಕದ ಚಪ್ಪರದಲ್ಲಿ ಹಾರ್ಮೋನಿಯಂ ನುಡಿಯುತ್ತಲೇ ಇತ್ತು. ತಜ್ಞರ ತೀರ್ಪು ಒಂದಾಗಿತ್ತು, ಕೇಳುಗರ ತೀರ್ಪು ಬೇರೆಯಾಗಿತ್ತು. ಯಾವುದು ಸರಿ? ಗಮಕದ ಮಾತಿಗೆ ಬಂದರೆ ತಜ್ಞರು ಸರಿ. ಬಯಲಿನಲ್ಲಿ, ಧ್ವನಿವರ್ಧಕವಿಲ್ಲದೆ, ಊರಿನ ನಟನಿಗೆ ಶ್ರುತಿ ಹಿಡಿದುಕೊಡುವ ಮಾತಿಗೆ ಬಂದರೆ ಊರಿನವರು ಸರಿ. ಅಭಿಪ್ರಾಯಗಳು ಬೇರೆಯಾದಾಗ ಮೊದಲು ಪ್ರಶ್ನೆ ಒಂದೇ ಆಗಿತ್ತೇ ಎಂದು ನೋಡಬೇಕು.

ಕೊಲಂಬೋದಿಂದ ಬಂದ ದನಿ

ಎರಡನೆಯ ತಕರಾರು ಇನ್ನೂ ದೊಡ್ಡದು. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ‘ಆಕಾಶವಾಣಿ’ಯನ್ನು ಆರಂಭಿಸಿದ್ದು ನಿಮಗೆ ಗೊತ್ತು. ಸ್ವಾತಂತ್ರ್ಯಾನಂತರ ರುದ್ರಪಟ್ಟಣದ ಶ್ರೀಕಂಠನ್ ಅವರೂ ಆಕಾಶವಾಣಿಯಲ್ಲಿ ಸೇವೆ ಸಲ್ಲಿಸಿದರು. ಪಂಚಾಯಿತಿ ರೇಡಿಯೋ ಮುಂದೆ, ಹೋಟೆಲಿನ ಬೆಂಚಿನ ಮೇಲೆ ಕುಳಿತವರಿಗೂ ವಿದ್ವಾಂಸರ ಹಾಡು ಕೇಳಿಸುವಂತಾಯಿತು.

1952ರಲ್ಲಿ ಬಿ.ವಿ. ಕೇಸ್ಕರ್ ಅವರು ಕೇಂದ್ರದಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವರಾದರು. ಶಾಸ್ತ್ರೀಯ ಸಂಗೀತಕ್ಕೆ ಅವರು ಕೊಟ್ಟ ಒತ್ತು ದೊಡ್ಡದು. ರಾಷ್ಟ್ರೀಯ ಸಂಗೀತ ಕಾರ್ಯಕ್ರಮ ಆರಂಭವಾದದ್ದು ಅದೇ ವರ್ಷ. ಆದರೆ ಚಿತ್ರಗೀತೆಗಳು ರೇಡಿಯೋದಿಂದ ಬಹುಮಟ್ಟಿಗೆ ಮರೆಯಾದವು. ಕೇಳುಗರು ಏನು ಮಾಡಿದರು? ಮುಳ್ಳನ್ನು ರೇಡಿಯೋ ಸಿಲೋನ್ ಕಡೆಗೆ ತಿರುಗಿಸಿದರು. ಕಿರುತರಂಗಗಳು ವಾತಾವರಣದ ಮೇಲಿನ ಅಯಾನುಗೋಳದಿಂದ ಬಾಗಿ ಭೂಮಿಗೆ ಮರಳುತ್ತವೆ. ಆದ್ದರಿಂದ ಕೊಲಂಬೋದ ಹಾಡು ಸಮುದ್ರ ದಾಟಿ ನಮ್ಮ ಕಡೆಗೂ ಬಂತು. ಅಮೀನ್ ಸಯಾನಿ ಅವರ ‘ಬಿನಾಕಾ ಗೀತ್‌ಮಾಲಾ’ 1952ರ ಡಿಸೆಂಬರಿನಲ್ಲಿ ಆರಂಭವಾಯಿತು. ಯಾವ ಹಾಡಿಗೆ ಯಾವ ಸ್ಥಾನ ಎಂಬುದರಲ್ಲಿ ರೆಕಾರ್ಡುಗಳ ಮಾರಾಟದ ಜೊತೆಗೆ ಕೇಳುಗರ ಅಭಿಪ್ರಾಯಕ್ಕೂ ಬೆಲೆ ಇತ್ತು. ದೇಶದ ನಾನಾ ಊರುಗಳಲ್ಲಿ ಶ್ರೋತೃ ಸಂಘಗಳು ಹುಟ್ಟಿಕೊಂಡವು. ಅಂಚೆಯಲ್ಲಿ ಕಾಗದಗಳು ಹರಿದುಬಂದವು.

ಕೊನೆಗೆ 1957ರ ಅಕ್ಟೋಬರ್ 3ರಂದು ಆಕಾಶವಾಣಿಯೇ ವಿವಿಧ ಭಾರತಿಯನ್ನು ಆರಂಭಿಸಿ ಚಿತ್ರಗೀತೆಗಳನ್ನು ಮರಳಿ ತಂದಿತು. ಮುಳ್ಳು ತಿರುಗಿಸುವ ಬೆರಳು, ಕಾಗದ ಬರೆಯುವ ಕೈ, ಇವೆರಡೇ ಆ ಬದಲಾವಣೆಯ ಹಿಂದಿದ್ದ ಬಲ.

ಒಬ್ಬ ರಸಿಕರ ಕಾದಂಬರಿ

ಕೇಳುಗರ ಪೈಕಿ ಹೆಸರು ಉಳಿದಿರುವ ಒಬ್ಬರನ್ನು ಈಗ ನೋಡೋಣ. ಅವರೇ ಅರಕಲಗೂಡು ನರಸಿಂಗರಾಯ ಕೃಷ್ಣರಾಯರು, ನಮ್ಮ ಅ.ನ.ಕೃ. (1908–1971). ಅವರು ಕಛೇರಿ ಮಾಡಿದ ವಿದ್ವಾಂಸರಲ್ಲ, ಕೇಳಿದ ರಸಿಕರು. ಸಂಗೀತಗಾರನ ಬದುಕನ್ನು ಕುರಿತ ಅವರ ‘ಸಂಧ್ಯಾರಾಗ’ ಕಾದಂಬರಿ 1966ರಲ್ಲಿ ಚಲನಚಿತ್ರವಾಯಿತು. ಡಾ. ರಾಜ್‌ಕುಮಾರ್ ನಾಯಕರು. ಹಿಂದೂಸ್ಥಾನಿಯ ಭೀಮಸೇನ ಜೋಶಿ, ಕರ್ನಾಟಕ ಸಂಗೀತದ ಬಾಲಮುರಳಿಕೃಷ್ಣ ಇಬ್ಬರೂ ಅದಕ್ಕೆ ಹಾಡಿದರು. ಶಾಸ್ತ್ರೀಯ ಸಂಗೀತಕ್ಕೆ ಕಿವಿಗೊಡದವರೂ ಚಿತ್ರಮಂದಿರದಲ್ಲಿ ಎರಡು ಪದ್ಧತಿಗಳನ್ನು ಪಕ್ಕಪಕ್ಕದಲ್ಲಿ ಕೇಳಿದರು.

ಅದೇ ಅ.ನ.ಕೃ. 1962ರಲ್ಲಿ ಬೆಂಗಳೂರಿನ ರಾಮೋತ್ಸವದ ಕಛೇರಿಗಳಲ್ಲಿ ಕನ್ನಡದ ಕಲಾವಿದರಿಗೂ ಕನ್ನಡ ಕೃತಿಗಳಿಗೂ ತಕ್ಕ ಸ್ಥಾನವಿಲ್ಲವೆಂದು ನಡೆದ ಪ್ರತಿಭಟನೆಯ ಮುಂದಾಳುಗಳಲ್ಲಿ ಒಬ್ಬರಾಗಿದ್ದರು. ಮುಂದಿನ ಕನ್ನಡ ಚಳವಳಿಗೆ ಅದೂ ಒಂದು ಆರಂಭ. ಸಂಗೀತಕ್ಕೆ ಭಾಷೆಯ ಗಡಿ ಏಕೆ ಎಂದು ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ ಅದು. ಆದರೆ ವೇದಿಕೆಯ ಮೇಲೆ ಯಾರು ಕೂರಬೇಕೆಂಬುದನ್ನು ಎದುರಿಗೆ ಕುಳಿತವರೂ ಪ್ರಶ್ನಿಸಬಹುದೆಂದು ತೋರಿಸಿದ್ದು ಆ ಘಟನೆಯ ಮಹತ್ವ.

ಕ್ಯಾಸೆಟ್ಟಿನ ಕೊನೆಯ ಎಂಟು ನಿಮಿಷ

1990ರ ದಶಕದ ಆರಂಭದಲ್ಲಿ ನಾನು ಹಾಸನದಲ್ಲಿ ಶಾಲೆಗೆ ಹೋಗುತ್ತಿದ್ದೆ. ಆಗ ಖಾಲಿ ಕ್ಯಾಸೆಟ್ ಕೊಂಡು, ಬೇಕಾದ ಹಾಡುಗಳ ಪಟ್ಟಿ ಬರೆದು ಅಂಗಡಿಯಲ್ಲಿ ಕೊಟ್ಟರೆ ತುಂಬಿಸಿಕೊಡುತ್ತಿದ್ದರು. ಒಂದು ಮಗ್ಗುಲಿಗೆ ಅರ್ಧ ಗಂಟೆ. ನನ್ನ ಪಟ್ಟಿಯೆಲ್ಲ ಸಿನಿಮಾ ಹಾಡು. ಕೊನೆಯಲ್ಲಿ ಎಂಟು ನಿಮಿಷ ಉಳಿಯಿತು. ಚಿಕ್ಕಪ್ಪ ನನ್ನನ್ನು ಕೇಳದೆಯೇ ಅಲ್ಲಿ ಟಿ. ಚೌಡಯ್ಯನವರ ಪಿಟೀಲು ತುಂಬಿಸಿಬಿಟ್ಟರು. ನನಗೆ ಅಳು ಬರುವಷ್ಟು ಸಿಟ್ಟು.

“ಇಷ್ಟವಾಗದಿದ್ದರೆ ಬೇಡ. ಯಾಕೆ ಇಷ್ಟವಾಗಲಿಲ್ಲ ಅಂತ ಹೇಳು,” ಎಂದರು.

“ಅದರಲ್ಲಿ ಹಾಡೇ ಇಲ್ಲ ಚಿಕ್ಕಪ್ಪ.”

“ಸಿನಿಮಾ ಹಾಡಿನ ನಡುವೆ ಬರೋ ಪಿಟೀಲು ಚೆನ್ನಾಗಿದೆ ಅಂತೀಯಲ್ಲ, ಅಲ್ಲೇನು ಮಾತು ಇರುತ್ತಾ?”

ಉತ್ತರ ಹೊಳೆಯಲಿಲ್ಲ. ಉತ್ತರ ಹುಡುಕಲೆಂದೇ ಮತ್ತೆ ಮತ್ತೆ ಕೇಳಿದೆ. ಒಂದು ತಿಂಗಳು ಕಳೆಯುವಷ್ಟರಲ್ಲಿ ಸಿನಿಮಾ ಹಾಡುಗಳು ಮುಗಿದು ಆ ಎಂಟು ನಿಮಿಷ ಯಾವಾಗ ಬರುತ್ತದೆಂದು ಕಾಯತೊಡಗಿದ್ದೆ. ಬದಲಿಗೆ ನಾನು ಚಿಕ್ಕಪ್ಪನಿಗೆ ‘ಸಂತ ಶಿಶುನಾಳ ಷರೀಫ’ (1990) ಚಿತ್ರದ ಹಾಡುಗಳನ್ನು ಕೇಳಿಸಿದೆ. ಸಿನಿಮಾ ಹಾಡೆಂದರೆ ಮೂಗು ಮುರಿಯುತ್ತಿದ್ದವರು ತಲೆದೂಗಿದರು.

ಆ ಚಿತ್ರಕ್ಕೆ ಸಂಗೀತ ನೀಡಿದ ಸಿ. ಅಶ್ವಥ್ (1939–2009) ಹುಟ್ಟಿದ್ದು ಚನ್ನರಾಯಪಟ್ಟಣದಲ್ಲಿ. ವಿಜ್ಞಾನ ಓದಿ, ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ಉದ್ಯೋಗ ಮಾಡುತ್ತಲೇ ಹಿಂದೂಸ್ಥಾನಿ ಸಂಗೀತ, ರಂಗಗೀತೆ, ಭಾವಗೀತೆ, ಚಿತ್ರಗೀತೆಗಳ ನಡುವೆ ಓಡಾಡಿದವರು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರು ನಡೆಸಿದ ‘ಕನ್ನಡವೇ ಸತ್ಯ’ ಕಾರ್ಯಕ್ರಮಕ್ಕೆ ಜನಸಾಗರವೇ ಸೇರಿತು. ಗೋಡೆಗಳು ಕೇಳುಗರ ಮನಸ್ಸಿನಲ್ಲಿ ಅಷ್ಟೇನೂ ಗಟ್ಟಿಯಾಗಿರಲಿಲ್ಲ.

ಈಗ ನಿಮ್ಮ ಸರದಿ

ಹಾಸನದಲ್ಲಿ ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರವಿದೆ. ಇನ್ಸಾಟ್ ಉಪಗ್ರಹಗಳಿಗಾಗಿ 1982ರಲ್ಲಿ ಸ್ಥಾಪನೆಯಾದದ್ದು. ದೇಶದ ಮೂಲೆಮೂಲೆಗೆ ದನಿಯನ್ನೂ ಚಿತ್ರವನ್ನೂ ತಲುಪಿಸುವ ಕೆಲಸದಲ್ಲಿ ಅದಕ್ಕೂ ಪಾಲಿದೆ. ಹಾಡು ನಿಮ್ಮನ್ನು ತಲುಪುವುದು ಇಂದು ಕಷ್ಟವೇ ಅಲ್ಲ. ‘ಮುಂದೆ ಇದನ್ನು ಕೇಳಿ’ ಎಂದು ಮೊಬೈಲ್ ಫೋನೇ ಹೇಳುತ್ತದೆ. ನೀವು ಈಗಾಗಲೇ ಕೇಳಿದ್ದರ, ನಿಮ್ಮಂಥವರು ಕೇಳಿದ್ದರ ಲೆಕ್ಕ ಹಾಕಿ ಹೇಳುವ ಮಾತು ಅದು. ಉಪಯುಕ್ತವೇ ಸರಿ. ಆದರೆ ‘ಯಾಕೆ ಇಷ್ಟವಾಗಲಿಲ್ಲ?’ ಎಂದು ಅದು ನಿಮ್ಮನ್ನು ಕೇಳುವುದಿಲ್ಲ. ಆ ಪ್ರಶ್ನೆ ಕೇಳಲು ನಿಮ್ಮಂತಲ್ಲದ ಒಬ್ಬ ಮನುಷ್ಯ ಬೇಕು.

ಆದ್ದರಿಂದ ಒಂದು ಕೆಲಸ ಮಾಡಿ. ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಇರುವ ಹಿರಿಯರೊಬ್ಬರನ್ನು, ಅವರು ಯಾವ ಹಾಡನ್ನು ಯಾರಿಂದ ತಿಳಿದರು ಎಂದು ಕೇಳಿ. ಹಾಡಿನ ಹೆಸರು, ಊರು, ಸುಮಾರು ವರ್ಷ, ಹೇಳಿದವರ ಸಂಬಂಧ ಇಷ್ಟನ್ನು ಒಂದು ಪುಟದಲ್ಲಿ ಬರೆದಿಡಿ. ಆಮೇಲೆ ನಿಮ್ಮ ಹಾಡೊಂದನ್ನು ಅವರಿಗೆ ಕೇಳಿಸಿ. ಅವರು ಮೂಗು ಮುರಿದರೆ ಬೇಸರ ಬೇಡ. ಯಾಕೆಂದು ಕೇಳಿ, ಅದನ್ನೂ ಬರೆದುಕೊಳ್ಳಿ. ಕೇಳುಗರ ಚರಿತ್ರೆಯನ್ನು ಇನ್ನೂ ಯಾರೂ ಪೂರ್ತಿಯಾಗಿ ಬರೆದಿಲ್ಲ. ಅದರ ಒಂದು ಪುಟ ನಿಮ್ಮ ಮನೆಯಲ್ಲೇ ಇದೆ.