ಟೋಪಿಯ ಕಪ್ಪು ಪಟ್ಟಿ: ಹೋಮ್ಸ್ ಓದುಗರ ಶೋಕಕ್ಕೆ ಆಧಾರವೆಷ್ಟು?

1893ರ ಡಿಸೆಂಬರ್‌ನಲ್ಲಿ ‘ದಿ ಸ್ಟ್ರ್ಯಾಂಡ್ ಮ್ಯಾಗಜಿನ್’ ಪ್ರಕಟಿಸಿದ ‘ದಿ ಫೈನಲ್ ಪ್ರಾಬ್ಲಮ್’ ಕಥೆಯಲ್ಲಿ ಷರ್ಲಾಕ್ ಹೋಮ್ಸ್ ಸತ್ತಾಗ, ಲಂಡನ್ನಿನ ತರುಣ ನೌಕರರು ರೇಷ್ಮೆ ಟೋಪಿಗೆ ಕಪ್ಪು ಶೋಕಪಟ್ಟಿ ಸುತ್ತಿಕೊಂಡು ಕಚೇರಿಗೆ ಹೋದರೆಂಬ ಮಾತಿದೆ. ಅಭಿಮಾನಿ ಓದುಗವರ್ಗದ ಹುಟ್ಟನ್ನು ಇಲ್ಲಿಂದಲೇ ಎಣಿಸುವವರೂ ಇದ್ದಾರೆ. ಈ ಮಾತು ಹರಡಿದ್ದು ಮಾತ್ರ ಜಾನ್ ಡಿಕ್ಸನ್ ಕಾರ್ 1949ರಲ್ಲಿ ಬರೆದ, ಹೋಮ್ಸ್‌ನ ಸೃಷ್ಟಿಕರ್ತ ಆರ್ಥರ್ ಕಾನನ್ ಡಾಯ್ಲ್ ಅವರ ಜೀವನಚರಿತ್ರೆಯಿಂದ. ಕಥೆ ಅಚ್ಚಾಗಿ ಆಗಲೇ 56 ವರ್ಷ ಕಳೆದಿತ್ತು. ಕಣ್ಣಾರೆ ಕಂಡವರ ಹೆಸರಾಗಲಿ, ಅಂದಿನ ಪತ್ರಿಕೆಯ ಹೆಸರಾಗಲಿ ಅಲ್ಲಿಲ್ಲ. (ಕಾರ್ ಡಾಯ್ಲ್ ಕುಟುಂಬದ ಕಾಗದಪತ್ರ ನೋಡಿದ್ದರು ಎಂಬುದು ನಿಜ, ಕೃತಿಯ ಬೆಲೆಯಿರುವುದೂ ಅದರಲ್ಲೇ. ಬೀದಿಯಲ್ಲಿ ನಡೆದದ್ದಕ್ಕೆ ಅವು ಸಾಕ್ಷಿಯಾಗಲಾರವು. ತಮ್ಮ ಪತ್ತೇದಾರಿ ಕಾದಂಬರಿಗಳಲ್ಲಿ ಸಣ್ಣ ಸುಳಿವಿಗೂ ಲೆಕ್ಕ ಒಪ್ಪಿಸುತ್ತಿದ್ದ ಲೇಖಕರು ಇಲ್ಲಿ ಇಷ್ಟು ಉದಾರಿಗಳಾದದ್ದು ಸೋಜಿಗ.)

ಬದಿಗೆ ಸರಿದ ಆಕರವೆಂದರೆ ಡಾಯ್ಲ್ ಅವರದೇ 1924ರ ಆತ್ಮಕಥೆ. ಓದುಗರಿಂದ ಬಂದ ಕಾಗದಗಳು, ಮಹಿಳೆಯೊಬ್ಬರು ಬೈಗುಳದಿಂದಲೇ ಆರಂಭಿಸಿದ ಪತ್ರ, ಅನೇಕರು ಅತ್ತರೆಂದು ಕಿವಿಗೆ ಬಿದ್ದ ಸುದ್ದಿ, ಇವೆಲ್ಲ ಅದರಲ್ಲಿವೆ. ತಮ್ಮ ಮನಸ್ಸು ಮಾತ್ರ ಕರಗಲಿಲ್ಲವೆಂದೂ ಅವರು ಒಪ್ಪಿಕೊಳ್ಳುತ್ತಾರೆ. ಟೋಪಿಯ ಪಟ್ಟಿಯ ಸುಳಿವೇ ಇಲ್ಲ. ಕಥೆ ಅಚ್ಚಾದ 1893ರಲ್ಲೇ ಅವರ ಪತ್ನಿಗೆ ಕ್ಷಯವೆಂದು ತಿಳಿದು, ಚಿಕಿತ್ಸೆಗಾಗಿ ಸ್ವಿಟ್ಜರ್ಲೆಂಡಿನ ದಾವೋಸ್‌ಗೆ ಹೋಗಬೇಕಾಯಿತು. ಲಂಡನ್ನಿನ ಬೀದಿ ಅವರ ಕಣ್ಣಿಗೆ ಬೀಳದಿರಬಹುದು ಎಂದು ಕಾರ್ ಪಕ್ಷದವರು ವಾದಿಸಬಹುದು. ಆದರೆ ಅಳುವಿನ ಸುದ್ದಿ ತಲುಪಿದವರಿಗೆ ಅದಕ್ಕಿಂತ ಸ್ವಾರಸ್ಯದ ಈ ಸುದ್ದಿ ತಲುಪಲಿಲ್ಲವೆಂದರೆ ನಂಬುವುದು ಕಷ್ಟ.

ಇನ್ನೊಂದು ತೊಡಕು ಆ ಪಟ್ಟಿಯಲ್ಲೇ ಇದೆ. ವಿಕ್ಟೋರಿಯಾ ಕಾಲದ ಇಂಗ್ಲೆಂಡಿನಲ್ಲಿ ಹತ್ತಿರದವರು ತೀರಿಕೊಂಡಾಗ ಗಂಡಸರು ಟೋಪಿಗೆ ಕಪ್ಪು ಕ್ರೇಪ್ ಬಟ್ಟೆ ಸುತ್ತುವುದು ನಿತ್ಯದ ರೂಢಿ. ಯಾವ ದಿನ ನೋಡಿದರೂ ನಗರದಲ್ಲಿ ಅಂಥ ಟೋಪಿಗಳು ಕಾಣುತ್ತಿದ್ದವು. ಅದು ತಾಯಿಗಾಗಿಯೋ ಹೋಮ್ಸ್‌ಗಾಗಿಯೋ ಎಂಬುದನ್ನು ಧರಿಸಿದವನನ್ನೇ ಕೇಳಬೇಕು. ಕೇಳಿದವರ ದಾಖಲೆ ಯಾರೂ ತೋರಿಸಿಲ್ಲ. ಮುಂದಿನ ಲೇಖಕರ ಕೈಯಲ್ಲಿ ಈ ಪಟ್ಟಿ ಟೋಪಿಯಿಂದ ತೋಳಿಗೆ ಇಳಿದಿದೆ. ಕಾರ್ ಪುಸ್ತಕ ತೆರೆಯದೆ ಒಬ್ಬರನ್ನೊಬ್ಬರು ನಕಲು ಮಾಡಿದ್ದಕ್ಕೆ ಇದೇ ಗುರುತು.

ಇಪ್ಪತ್ತು ಸಾವಿರ ಚಂದಾದಾರರು ‘ಸ್ಟ್ರ್ಯಾಂಡ್’ ಬಿಟ್ಟರೆಂಬ ಅಂಕಿಯೂ ಇದರ ಜೊತೆಗೇ ಓಡಾಡುತ್ತದೆ. ಆರು ಪೆನ್ಸಿಯ ಆ ಮಾಸಿಕ ಹೆಚ್ಚಾಗಿ ಬಿಡಿಯಾಗಿಯೇ, ರೈಲು ನಿಲ್ದಾಣದಂಥ ಕಡೆಯ ಪುಸ್ತಕದಂಗಡಿಗಳಲ್ಲಿ ಮಾರಾಟವಾಗುತ್ತಿತ್ತು. ಹಾಗಿರುವಾಗ ಚಂದಾ ರದ್ದಿನ ಲೆಕ್ಕದಿಂದ ಓದುಗರ ಸಿಟ್ಟನ್ನು ಅಳೆಯುವುದು ಅಂತೆಕಂತೆಯ ಮಾತು.

ಹಾಗಾದರೆ ಶೋಕಪಟ್ಟಿಯ ಕಥೆ ಹುಟ್ಟಿದ್ದೆಲ್ಲಿ? ಹೋಮ್ಸ್ ನಿಜವಾಗಿ ಬಾಳಿದವನೆಂದೇ ಬಗೆದು ಗಂಭೀರ ಮುಖದಿಂದ ಸಂಶೋಧನೆ ನಡೆಸುವ ಆಟಕ್ಕೆ ರೊನಾಲ್ಡ್ ನಾಕ್ಸ್ ಅವರ 1911ರ ಪ್ರಬಂಧ ದಾರಿ ಮಾಡಿತು. 1934ರಲ್ಲಿ ನ್ಯೂಯಾರ್ಕಿನ ‘ಬೇಕರ್ ಸ್ಟ್ರೀಟ್ ಇರ್‍ರೆಗ್ಯುಲರ್ಸ್’ ಬಳಗ ಅದನ್ನೇ ಹವ್ಯಾಸವಾಗಿಸಿತು. ಕಾರ್ ಬರೆದದ್ದು ಈ ಆಟ ಬೇರೂರಿದ ಮೇಲೆ. ಬದುಕಿದ್ದವನಿಗೆ ಸೂತಕವೂ ಬೇಕಲ್ಲವೆ? ಶೋಕಪಟ್ಟಿಯ ಕಥೆ 1893ರ ಓದುಗರಿಗಿಂತ 1930–40ರ ದಶಕಗಳ ಅಭಿಮಾನಿಗಳ ಮನೋಧರ್ಮಕ್ಕೇ ಹೆಚ್ಚು ಒಪ್ಪುತ್ತದೆ. 1893ರವರ ಪಾಲಿಗೆ ದೃಢವಾಗಿ ಉಳಿಯುವುದು ಡಾಯ್ಲ್ ನೆನೆದ ಆ ಕಾಗದಗಳು. ಹೋಮ್ಸ್‌ನ ಸಾವೂ ಕೊನೆಗೆ ಉಳಿಯಲಿಲ್ಲ. ಡಾಯ್ಲ್ 1901ರಲ್ಲಿ ಹೋಮ್ಸ್‌ನ ಹಳೆಯ ಸಾಹಸವೆಂಬಂತೆ ‘ದಿ ಹೌಂಡ್ ಆಫ್ ದಿ ಬಾಸ್ಕರ್‌ವಿಲ್ಸ್’ ಆರಂಭಿಸಿದರು. 1903ರಲ್ಲಿ ಅವನನ್ನು ಬದುಕಿಸಿಯೇ ಬಿಟ್ಟರು.